ಮೂಗಿನ ಮೇಲೊಂದು ಹಸಿರು ಗೆರೆ

ಕೋಪನ್‌ಹೇಗನ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ ಹೆನ್ರಿ ಮಾತೀಸ್ ತನ್ನ ಹೆಂಡತಿ ಅಮೇಲಿಯನ್ನು ಚಿತ್ರಿಸಿದ ಪುಟ್ಟ ತೈಲಚಿತ್ರವೊಂದಿದೆ. ಎತ್ತರ 40.5 ಸೆಂಟಿಮೀಟರ್, ಅಗಲ 32.5. 1905ರ ಈ ಚಿತ್ರವನ್ನು 'ಹಸಿರು ಗೆರೆ' ಎಂದೇ ಕರೆಯುತ್ತಾರೆ. ಹಣೆಯಿಂದ ಮೂಗಿನ ಗುಂಟ ದಪ್ಪ ಹಸಿರು ಬಣ್ಣ ಕೆಳಗಿಳಿದಿದೆ. ಒಂದು ಕೆನ್ನೆ ಹಳದಿ, ಇನ್ನೊಂದು ಗುಲಾಬಿ, ಕೂದಲು ಕಡುನೀಲಿ. ಹಳೆಯ ಭಾವಚಿತ್ರಗಳಲ್ಲಿ ಬೆಳಕು ನೆರಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬಣ್ಣಗಳೇ ಮಾಡುತ್ತವೆ. ಆ ಹಸಿರೇ ನೆರಳಿನ ಅಂಚು.

ಚಿತ್ರದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಈ ಗೆರೆಯ ಬಳಿಯೇ ನಿಂತುಬಿಡುತ್ತಾರೆ. ನನಗೆ ಕುತೂಹಲವಿರುವುದು ಆ ಮುಖದ ಒಡತಿಯ ಬಗ್ಗೆ.

ಅವರ ಮದುವೆಯಾದದ್ದು 1898ರಲ್ಲಿ. ಅದಕ್ಕೂ ಮುಂಚೆ ಮಾತೀಸನಿಗೆ ಹುಟ್ಟಿದ್ದ ಮಗಳು ಮಾರ್ಗರೀತಳನ್ನು ಅಮೇಲಿ ತನ್ನ ಮಗಳಂತೆಯೇ ಬೆಳೆಸಿದಳು. ಗಂಡನ ಚಿತ್ರಗಳಿಗೆ ಗಿರಾಕಿಗಳಿಲ್ಲದ ದಿನಗಳಲ್ಲಿ ಪ್ಯಾರಿಸ್‌ನಲ್ಲಿ ಟೋಪಿ ಅಂಗಡಿ ಇಟ್ಟು ಸಂಸಾರ ತೂಗಿಸಿದಳು.

1905ರಲ್ಲೇ ಮಾತೀಸ್ ಆಕೆಯದೇ ಇನ್ನೊಂದು ಭಾವಚಿತ್ರವನ್ನು ಪ್ಯಾರಿಸ್‌ನ ಶರತ್ಕಾಲದ ಪ್ರದರ್ಶನದಲ್ಲಿಟ್ಟ. ಹೆಸರು 'ಟೋಪಿ ತೊಟ್ಟ ಮಹಿಳೆ'. ಜನ ನಕ್ಕರು. ವಿಮರ್ಶಕ ಲೂಯಿ ವೋಸೆಲ್ ಈ ಬಳಗಕ್ಕೆ 'ಕಾಡುಮೃಗಗಳು' ಎಂದ. ಫಾವಿಸಂ ಎಂಬ ಪಂಥಕ್ಕೆ ಆ ಮೂದಲಿಕೆಯೇ ಹೆಸರಾಯಿತು. ಚಿತ್ರದ ಬೆಲೆ 500 ಫ್ರಾಂಕ್. ಸ್ಟೈನ್ ಕುಟುಂಬದವರು ಅದಕ್ಕಿಂತ ಕಡಿಮೆಗೆ ಕೇಳಿದರು. ಮಾತೀಸ್ ಒಪ್ಪುವುದರಲ್ಲಿದ್ದ, ಅಮೇಲಿ ಬೇಡವೆಂದಳು. ವ್ಯತ್ಯಾಸದ ಹಣದಲ್ಲಿ ಮಗಳಿಗೆ ಚಳಿಗಾಲದ ಬಟ್ಟೆ ಬರುತ್ತದೆ ಎಂಬುದು ಆಕೆಯ ಲೆಕ್ಕ. ಕೊನೆಗೆ ಪೂರ್ತಿ ಬೆಲೆಗೇ ಚಿತ್ರ ಹೋಯಿತು. ಗರ್ಟ್ರೂಡ್ ಸ್ಟೈನ್ 1933ರ ತನ್ನ ಪುಸ್ತಕದಲ್ಲಿ ಇದನ್ನು ಬರೆದಿದ್ದಾಳೆ.

ಜನ ನಕ್ಕದ್ದು ಮಾತೀಸನ ಕುಂಚಕ್ಕಾದರೂ ಗೋಡೆಯ ಮೇಲಿದ್ದದ್ದು ಅಮೇಲಿಯ ಮುಖ. 'ಹಸಿರು ಗೆರೆ'ಯಲ್ಲಿ ಆ ದೊಡ್ಡ ಟೋಪಿಯೂ ಇಲ್ಲ, ಮುಖವಷ್ಟೇ. ನೇರ ನೋಟ, ಬಿಗಿದ ತುಟಿ. ಬೆಲೆ ಇಳಿಸಲು ಒಪ್ಪದ ಹೆಂಗಸು ನನಗೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತಾಳೆ.

1939ರಲ್ಲಿ ಇಬ್ಬರೂ ಬೇರೆಯಾದರು. 1944ರಲ್ಲಿ, ನಾಜಿಗಳ ವಿರುದ್ಧದ ಗುಪ್ತ ಹೋರಾಟಕ್ಕೆ ನೆರವಾದಳೆಂದು ಗೆಸ್ಟಾಪೊ ಪೊಲೀಸರು ಅಮೇಲಿಯನ್ನು ಜೈಲಿಗೆ ಹಾಕಿದರು. ಆಗ ಆಕೆಗೆ ಎಪ್ಪತ್ತು ದಾಟಿತ್ತು.