ಕಾಗದದ ಸುರುಳಿಯಿಂದ ಲ್ಯಾಪ್‌ಟಾಪ್‌ವರೆಗೆ: ಪಿಯಾನೋ ಧ್ವನಿಮುದ್ರಣದ ಕಥೆ



ನಮ್ಮ ಗಾಯನ ಮಂಡಳಿಗಳಲ್ಲಿ ಕೀಬೋರ್ಡ್ ಕಲಿತವರು ಅನೇಕರಿದ್ದಾರೆ. ಬಾಕ್, ಬೀಥೋವನ್ ಅವರ ಕೃತಿಗಳನ್ನು ನುಡಿಸಿ ರೆಕಾರ್ಡ್ ಮಾಡಬೇಕೆಂಬ ಆಸೆಯೂ ಹಲವರಿಗಿದೆ. ಆದರೆ ಗ್ರ್ಯಾಂಡ್ ಪಿಯಾನೋ ಕೊಳ್ಳುವುದು ನಮ್ಮಂಥ ಕುಟುಂಬಗಳಿಗೆ ದೂರದ ಮಾತು. ಹಾಗಾಗಿ ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ ವರ್ಚುವಲ್ ಪಿಯಾನೋ ಸಾಫ್ಟ್‌ವೇರ್ ಬಳಸುತ್ತೇವೆ. ಆಗ ಒಂದು ಪ್ರಶ್ನೆ ಏಳುತ್ತದೆ: ಇದು ನಿಜವಾದ ವಾದನವೇ, ಅಥವಾ ಯಂತ್ರದ ಸುಳ್ಳೇ? ಉತ್ತರ ಇತಿಹಾಸದಲ್ಲಿದೆ.

ಪಿಯಾನೋ ವಾದನವನ್ನು ಉಳಿಸಿಡಲು ಜನರು ಎರಡು ದಾರಿ ಹಿಡಿದರು. ಮೊದಲನೆಯದು, ಕಿವಿಗೆ ಕೇಳುವ ನಾದವನ್ನೇ ಹಿಡಿದಿಡುವುದು. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದರು. 1889ರಲ್ಲಿ ವಿಯೆನ್ನಾದಲ್ಲಿ ಬ್ರಾಮ್ಸ್ ಅವರ ವಾದನವನ್ನು ಮೇಣದ ಉರುಳೆಯ ಮೇಲೆ ಮುದ್ರಿಸಲಾಯಿತು. ಅದು ಇಂದಿಗೂ ಉಳಿದಿದೆ. ಆದರೆ ಗರಗರ ಸದ್ದಿನ ನಡುವೆ ಪಿಯಾನೋವನ್ನು ಹುಡುಕಿಕೊಂಡು ಕೇಳಬೇಕು.

ಎರಡನೆಯ ದಾರಿ, ನಾದವನ್ನಲ್ಲ, ವಾದಕರ ಕೈಯ ಕೆಲಸವನ್ನು ಬರೆದಿಡುವುದು. ಜರ್ಮನಿಯ ಫ್ರೈಬರ್ಗ್‌ನ ವೆಲ್ಟೆ ಕಂಪನಿ 1904ರಲ್ಲಿ ವೆಲ್ಟೆ-ಮಿಗ್ನಾನ್ ಎಂಬ ಯಂತ್ರವನ್ನು ಹೊರತಂದಿತು. ಯಾವ ಕೀಲಿಯನ್ನು ಯಾವಾಗ ಒತ್ತಿದರು, ಎಷ್ಟು ಜೋರು, ಎಷ್ಟು ಮೃದು, ಪೆಡಲ್ ಯಾವಾಗ ಎಂಬುದೆಲ್ಲ ಕಾಗದದ ಸುರುಳಿಯಲ್ಲಿ ತೂತುಗಳಾಗಿ ಉಳಿಯುತ್ತಿತ್ತು. ಆ ಸುರುಳಿಯನ್ನು ಹಾಕಿದರೆ ಪಿಯಾನೋ ತಾನಾಗಿಯೇ ನುಡಿಯುತ್ತಿತ್ತು. ಡೆಬ್ಯುಸಿ, ಗ್ರೀಗ್ ಮೊದಲಾದವರು ಇದಕ್ಕಾಗಿ ನುಡಿಸಿದರು. ಮಾಹ್ಲರ್ 1905ರಲ್ಲಿ ನುಡಿಸಿದರು. ಅವರ ವಾದನ ಇಂದು ನಮಗೆ ಉಳಿದಿರುವುದು ಈ ಸುರುಳಿಗಳಲ್ಲಿ ಮಾತ್ರ.

ವರ್ಚುವಲ್ ಪಿಯಾನೋ ಈ ಎರಡನೆಯ ದಾರಿಯ ಮೊಮ್ಮಗು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದೇ ಭಾಷೆಯಲ್ಲಿ ಮಾತನಾಡಲೆಂದು 1983ರಲ್ಲಿ ಮಿಡಿ ಎಂಬ ಪದ್ಧತಿ ಬಂತು. ಮಿಡಿಯಲ್ಲಿ ನಾದ ಇರುವುದಿಲ್ಲ. ಯಾವ ಕೀಲಿ, ಯಾವಾಗ, ಎಷ್ಟು ವೇಗವಾಗಿ ಒತ್ತಿದ್ದು ಎಂಬ ಲೆಕ್ಕ ಇರುತ್ತದೆ. ಒತ್ತುವಿಕೆಗೆ ಸಾಮಾನ್ಯವಾಗಿ 127ರವರೆಗೆ ಅಂಕಿ. ಕಾಗದದ ತೂತುಗಳು ಅಂಕಿಗಳಾದವು, ಅಷ್ಟೇ.

ಆ ಅಂಕಿಗಳಿಗೆ ನಾದ ಕೊಡುವುದು ಸಾಫ್ಟ್‌ವೇರ್. ಕೆಲವು ಸಾಫ್ಟ್‌ವೇರ್‌ಗಳು ನಿಜವಾದ ಪಿಯಾನೋದ 88 ಕೀಲಿಗಳ ನಾದವನ್ನು, ಮೆಲ್ಲಗೆ ಒತ್ತಿದಾಗ ಒಂದು, ಜೋರಾಗಿ ಒತ್ತಿದಾಗ ಇನ್ನೊಂದು ಎಂದು ಮೊದಲೇ ಮುದ್ರಿಸಿಟ್ಟುಕೊಂಡಿರುತ್ತವೆ. ಇವು ಹಲವು ಗಿಗಾಬೈಟ್ ಜಾಗ ತಿನ್ನುತ್ತವೆ. ಫ್ರಾನ್ಸ್‌ನ ಮೊಡಾರ್ಟ್ ಕಂಪನಿ 2006ರಲ್ಲಿ ತಂದ ಪಿಯಾನೋಟೆಕ್ ಹಾಗಲ್ಲ. ಅದು ತಂತಿ, ಸುತ್ತಿಗೆ, ಹಲಗೆಗಳ ಕಂಪನವನ್ನು ಆ ಕ್ಷಣದಲ್ಲೇ ಲೆಕ್ಕಹಾಕಿ ನಾದ ಮಾಡುತ್ತದೆ.

ಎರಡೂ ದಾರಿಗಳು ಸೇರಿದ ಒಂದು ಘಟನೆಯಿದೆ. 1955ರಲ್ಲಿ ಗ್ಲೆನ್ ಗೂಲ್ಡ್ ನ್ಯೂಯಾರ್ಕ್‌ನಲ್ಲಿ ಬಾಕ್ ಅವರ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಮುದ್ರಿಸಿದರು. ಆ ಸ್ಟುಡಿಯೋ ಹಿಂದೊಮ್ಮೆ ಚರ್ಚ್ ಆಗಿದ್ದ ಕಟ್ಟಡ. ಗೂಲ್ಡ್ 1982ರಲ್ಲಿ ತೀರಿಕೊಂಡರು. ಆಮೇಲೆ ಝೆನ್ಫ್ ಎಂಬ ಕಂಪನಿ ಆ ಹಳೆಯ ಮುದ್ರಣದಿಂದ ಅವರ ಬೆರಳುಗಳ ಲೆಕ್ಕವನ್ನು ಕಂಪ್ಯೂಟರ್ ಮೂಲಕ ಹೊರತೆಗೆದು, 2006ರಲ್ಲಿ ಟೊರಾಂಟೋದಲ್ಲಿ ತಾನಾಗಿ ನುಡಿಯುವ ಯಮಾಹಾ ಪಿಯಾನೋದಲ್ಲಿ ಮತ್ತೆ ನುಡಿಸಿತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ, ಆದರೆ ಕೈ ಗೂಲ್ಡ್ ಅವರದೇ.

ಹಾಗಾದರೆ ತಿದ್ದುವುದು ಸರಿಯೇ? ಈ ಪ್ರಶ್ನೆಯೂ ಹಳೆಯದೇ. ಸುರುಳಿಯ ಕಾಲದಲ್ಲೂ ತಪ್ಪು ತೂತನ್ನು ಮುಚ್ಚಿ ಹೊಸದನ್ನು ಕೊರೆಯುತ್ತಿದ್ದರು. ಗೂಲ್ಡ್ ಕೂಡ ಟೇಪ್ ಕತ್ತರಿಸಿ ಜೋಡಿಸುವುದನ್ನು ಮುಚ್ಚಿಡದೆ ಸಮರ್ಥಿಸಿದರು. ಒಂದು ತಪ್ಪು ಸ್ವರವನ್ನು ಸರಿಪಡಿಸುವುದು ಬೇರೆ, ನುಡಿಸಲು ಬಾರದ್ದನ್ನು ನುಡಿಸಿದೆ ಎನ್ನುವುದು ಬೇರೆ. ಮೊದಲನೆಯದು ಪುಸ್ತಕದ ಕರಡು ತಿದ್ದಿದಂತೆ. ಎರಡನೆಯದು ಕೇಳುವವರ ನಂಬಿಕೆಗೆ ಮಾಡುವ ದ್ರೋಹ.

ಇನ್ನೊಂದು ಅಪಾಯವೂ ಇದೆ. ಕ್ವಾಂಟೈಸ್ ಎಂಬ ಗುಂಡಿ ಒತ್ತಿದರೆ ಎಲ್ಲ ಸ್ವರಗಳೂ ಗಡಿಯಾರದ ತಾಳಕ್ಕೆ ಸಾಲಾಗಿ ನಿಲ್ಲುತ್ತವೆ. ಶೋಪ್ಯಾನ್ ಸಂಗೀತದ ಉಸಿರು ಇರುವುದೇ ಆ ಚಿಕ್ಕ ತಡೆ, ಚಿಕ್ಕ ಅವಸರಗಳಲ್ಲಿ. ಅವು ಹೋದರೆ ಉಳಿಯುವುದು ಬರೀ ಸ್ವರ.

ಆದ್ದರಿಂದ ಮಿತ್ರರೇ, ದುಬಾರಿ ಪಿಯಾನೋ ಇಲ್ಲವೆಂದು ಕುಗ್ಗಬೇಕಾಗಿಲ್ಲ. ಸಾಫ್ಟ್‌ವೇರ್ ನಮಗೆ ಒಳ್ಳೆಯ ತಂತಿ, ಒಳ್ಳೆಯ ಕೋಣೆ ಎರಡನ್ನೂ ಕೊಡಬಲ್ಲದು. ಕೈಯನ್ನು ಮಾತ್ರ ಕೊಡಲಾರದು. ಅದನ್ನು ದಿನದಿನದ ಅಭ್ಯಾಸದಿಂದ ನಾವೇ ಗಳಿಸಬೇಕು.