ಮನಸ್ಸಿನ ಕಾಯಿಲೆಗೂ ಮದ್ದು ಬರೆದ ಅಬೂ ಝೈದ್ ಅಲ್-ಬಲ್ಖಿ

ಎದೆ ಢವಢವ ಎನ್ನುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ, ಏನೋ ಕೆಟ್ಟದಾಗಲಿದೆ ಎಂಬ ಭಯ ಬಿಡುವುದಿಲ್ಲ. ಮನೆಯಲ್ಲಿ ಯಾರಾದರೂ ಹೀಗೆ ಹೇಳಿಕೊಂಡರೆ ನಮ್ಮಲ್ಲಿ ಹೆಚ್ಚಾಗಿ ಸಿಗುವ ಉತ್ತರ, "ಈಮಾನ್ ದುರ್ಬಲವಾಗಿದೆ, ನಮಾಝ್ ಸರಿಯಾಗಿ ಮಾಡು" ಎಂಬುದು. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಕೇಳಿದವರ ಮೇಲೆ ಕಾಯಿಲೆಯ ಭಾರದ ಜೊತೆಗೆ ಪಾಪದ ಭಾರವೂ ಬೀಳುತ್ತದೆ. ಅವರು ಮತ್ತೆ ಬಾಯಿ ಬಿಡುವುದಿಲ್ಲ. ನಮ್ಮ ಪೂರ್ವಿಕ ವಿದ್ವಾಂಸರಲ್ಲಿ ಈ ವಿಷಯವನ್ನು ಬಹಳ ಬೇರೆ ರೀತಿಯಲ್ಲಿ ಕಂಡವರಿದ್ದರು. ಸಾವಿರದ ನೂರು ವರ್ಷಗಳ ಹಿಂದೆಯೇ ಭಯ, ದುಃಖ ಮತ್ತು ವಸ್‌ವಾಸ್‌ಗಳನ್ನು ಕಾಯಿಲೆಗಳೆಂದು ಗುರುತಿಸಿ, ಒಂದೊಂದಕ್ಕೂ ಬೇರೆ ಬೇರೆ ಚಿಕಿತ್ಸೆ ಬರೆದವರಲ್ಲಿ ಅಬೂ ಝೈದ್ ಅಲ್-ಬಲ್ಖಿ ಪ್ರಮುಖರು.

ಅಲ್-ಬಲ್ಖಿ ಹುಟ್ಟಿದ್ದು ಕ್ರಿ.ಶ. 850ರ ಸುಮಾರಿಗೆ, ಇಂದಿನ ಅಫ್ಘಾನಿಸ್ತಾನದ ಬಲ್ಖ್ ನಗರದ ಬಳಿಯ ಹಳ್ಳಿಯೊಂದರಲ್ಲಿ. ತಂದೆ ಶಾಲಾ ಶಿಕ್ಷಕರು. ಯುವಕರಾಗಿದ್ದಾಗ ಇರಾಕಿಗೆ ಹೋಗಿ ಪ್ರಸಿದ್ಧ ತತ್ವಜ್ಞಾನಿ ಅಲ್-ಕಿಂದಿಯ ಶಿಷ್ಯರಾದರು. ಧರ್ಮಶಾಸ್ತ್ರ, ತತ್ವಶಾಸ್ತ್ರ, ವೈದ್ಯ, ಖಗೋಳ, ಭೂಗೋಳ ಎಲ್ಲದರಲ್ಲೂ ಪಳಗಿ ಹುಟ್ಟೂರಿಗೆ ಮರಳಿದರು. ಇಸ್ಲಾಮೀ ಭೂಪಟ ರಚನೆಯ ಒಂದು ಪರಂಪರೆಯೇ ಅವರ ಹೆಸರಿನಿಂದ ಗುರುತಿಸಲ್ಪಡುತ್ತದೆ. 934ರಲ್ಲಿ ಅವರು ನಿಧನರಾದರು.

ಅವರ ಬದುಕಿನ ಒಂದು ಘಟನೆ ನಮ್ಮ ವಿಷಯಕ್ಕೆ ಹತ್ತಿರವಾದುದು. ಬುಖಾರಾದ ಸಾಮಾನಿ ಅಮೀರರು ಅವರನ್ನು ತಮ್ಮ ದರ್ಬಾರಿಗೆ ಆಹ್ವಾನಿಸಿದರು. ಹೋಗಬೇಕಾದರೆ ಜೈಹೂನ್ ನದಿಯನ್ನು, ಅಂದರೆ ಇಂದಿನ ಅಮು ದರ್ಯಾವನ್ನು ದಾಟಬೇಕಿತ್ತು. ಆ ನದಿಯ ಅಗಲ ಮತ್ತು ಅಲೆಗಳಿಗೆ ಅಂಜಿ ಅಲ್-ಬಲ್ಖಿ ದಾಟಲು ಒಪ್ಪದೆ ಹಿಂತಿರುಗಿದರೆಂದು ಹಳೆಯ ಬರಹಗಾರರು ದಾಖಲಿಸಿದ್ದಾರೆ. ಇದನ್ನು ಅವರ ಕಾಯಿಲೆ ಎನ್ನುವಂತಿಲ್ಲ. ಆದರೆ ಭಯ ಎಂದರೇನೆಂದು ಅವರಿಗೆ ಪುಸ್ತಕದಿಂದ ಮಾತ್ರ ತಿಳಿದಿರಲಿಲ್ಲ ಎನ್ನಬಹುದು. ಭಯವಿದ್ದ ಕಾರಣಕ್ಕೆ ಅವರ ವಿದ್ವತ್ತಿನ ಮೇಲೆ ಯಾರೂ ಸಂಶಯಪಡಲಿಲ್ಲ.

ಅವರು ಬರೆದ "ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್" ಎಂಬ ಗ್ರಂಥದ ಹೆಸರಿನ ಅರ್ಥ ದೇಹ ಮತ್ತು ಮನಸ್ಸುಗಳ ಹಿತ. ಅದರಲ್ಲಿ ದೇಹದ ಕುರಿತು 14 ಅಧ್ಯಾಯಗಳು, ಮನಸ್ಸಿನ ಕುರಿತು 8 ಅಧ್ಯಾಯಗಳಿವೆ. ತಮ್ಮ ಕಾಲದ ವೈದ್ಯರು ದೇಹಕ್ಕೆ ಮಾತ್ರ ಮದ್ದು ಕೊಟ್ಟು ಮನಸ್ಸನ್ನು ಮರೆಯುತ್ತಾರೆ ಎಂಬುದು ಅವರ ದೂರು. ದೇಹಕ್ಕೆ ಜ್ವರ ಬರುವಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ ಎಂಬುದು ಅವರ ವಾದದ ತಿರುಳು. ಮನಸ್ಸಿನ ಕಾಯಿಲೆಗಳನ್ನು ಅವರು ಕೋಪ, ಭಯ, ದುಃಖ ಮತ್ತು ವಸ್‌ವಾಸ್ ಎಂದು ನಾಲ್ಕಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಅಧ್ಯಾಯ ಮೀಸಲಿಟ್ಟರು.

ಭಯದ ಅಧ್ಯಾಯದಲ್ಲಿ ಅವರು ಬರೆದ ಲಕ್ಷಣಗಳು ಇಂದಿಗೂ ನಮಗೆ ಪರಿಚಿತ. ಭಯ ಮಿತಿಮೀರಿದಾಗ ಮುಖ ಬಿಳಿಚಿಕೊಳ್ಳುತ್ತದೆ, ಕೈಕಾಲು ನಡುಗುತ್ತವೆ, ಮಾಡಬೇಕಾದುದನ್ನು ಮಾಡಲಾಗದೆ ಮನುಷ್ಯ ನಿಂತುಬಿಡುತ್ತಾನೆ. ಇದಕ್ಕೆ ಅವರು ಎರಡು ಉಪಾಯ ಹೇಳಿದರು. ಮೊದಲನೆಯದು, ಅಂಜಿಸುವ ವಿಷಯಕ್ಕೆ ಸ್ವಲ್ಪಸ್ವಲ್ಪವಾಗಿ ಒಗ್ಗಿಕೊಳ್ಳುವುದು. ಎರಡನೆಯದು, ಮನಸ್ಸು ಶಾಂತವಾಗಿರುವಾಗಲೇ ಧೈರ್ಯ ಕೊಡುವ ಆಲೋಚನೆಗಳನ್ನು ಕೂಡಿಟ್ಟುಕೊಳ್ಳುವುದು. ತುರ್ತಿಗೆಂದು ಮನೆಯಲ್ಲಿ ಔಷಧ ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಮೊದಲ ಬಾರಿಗೆ ದಟ್ಟ ಮಂಜನ್ನು ಕಂಡವನು ಅದನ್ನು ದಾಟಲಾಗದ ಗೋಡೆಯೆಂದು ತಿಳಿಯುತ್ತಾನೆ. ಒಳಗೆ ಕಾಲಿಟ್ಟಾಗ ಅದು ಬರೀ ತೇವದ ಗಾಳಿ ಎಂದು ತಿಳಿಯುತ್ತದೆ. ಹೆಚ್ಚಿನ ಭಯಗಳೂ ಹೀಗೆಯೇ ಎಂದು ಅವರು ಉದಾಹರಿಸಿದರು. ಭಯಪಡುವ ವಿಷಯವನ್ನು ಹಂತಹಂತವಾಗಿ ಎದುರಿಸುವುದು ಮತ್ತು ಆಲೋಚನೆಯನ್ನು ತಿದ್ದಿಕೊಳ್ಳುವುದು ಇಂದಿನ ಮನಶ್ಶಾಸ್ತ್ರದ ಚಿಕಿತ್ಸೆಯಲ್ಲೂ ಮುಖ್ಯ ಭಾಗಗಳು.

ದುಃಖವನ್ನು ಅವರು ಎರಡಾಗಿ ನೋಡಿದರು. ಸಾವು, ನಷ್ಟದಂತಹ ಕಾರಣವಿರುವುದು ಒಂದು. ಏಕೆಂದೇ ತಿಳಿಯದೆ ಮನಸ್ಸನ್ನು ಕವಿಯುವುದು ಇನ್ನೊಂದು. ಎರಡನೆಯದರ ಮೂಲ ದೇಹದಲ್ಲೇ ಇದೆ, ಆದ್ದರಿಂದ ಅದಕ್ಕೆ ದೇಹದ ಚಿಕಿತ್ಸೆ ಬೇಕು ಎಂದರು. "ನಿನಗೇನು ಕಡಿಮೆಯಾಗಿದೆ, ಯಾಕೆ ಹೀಗೆ ಕೂತಿದ್ದೀಯ?" ಎಂದು ಕೇಳುವ ನಾವು ಈ ಮಾತನ್ನು ನೆನಪಿಡಬೇಕು.

ವಸ್‌ವಾಸ್ ಕುರಿತ ಅಧ್ಯಾಯ ಆಧುನಿಕ ಸಂಶೋಧಕರ ಗಮನವನ್ನು ವಿಶೇಷವಾಗಿ ಸೆಳೆದಿದೆ. ಬೇಡವೆಂದರೂ ಮರಳಿ ಮರಳಿ ಬರುವ, ಕೇಡನ್ನೇ ಮುನ್ಸೂಚಿಸುವ, ಬೇರೆ ಕೆಲಸದಲ್ಲಿ ಮನಸ್ಸಿಡಲು ಬಿಡದ ಆಲೋಚನೆಗಳೆಂದು ಅವರು ಅದನ್ನು ವಿವರಿಸಿದರು. ಒಂಟಿಯಾಗಿ ಮತ್ತು ಕೆಲಸವಿಲ್ಲದೆ ಇರುವುದು ಅದನ್ನು ಹೆಚ್ಚಿಸುತ್ತದೆ, ಜನರೊಂದಿಗೆ ಬೆರೆಯಬೇಕು, ವಿಶ್ವಾಸದವರ ಸಲಹೆ ಕೇಳಬೇಕು ಎಂದರು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ 2013ರಲ್ಲಿ ಗ್ರಂಥದ ಮನಸ್ಸಿನ ಭಾಗವನ್ನು ಇಂಗ್ಲಿಷಿಗೆ ತಂದರು. 2015ರಲ್ಲಿ ರಾನಿಯಾ ಅವ್ವಾದ್ ಮತ್ತು ಸಾರಾ ಅಲಿ ಎಂಬ ಸಂಶೋಧಕಿಯರು, ಅಲ್-ಬಲ್ಖಿಯ ವಿವರಣೆ ಇಂದಿನ ಗೀಳು ರೋಗದ ಲಕ್ಷಣಗಳಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ತೋರಿಸಿಕೊಟ್ಟರು.

ವುಝೂ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು, ತಕ್ಬೀರ್ ಹೇಳಿದ ಮೇಲೂ ನಿಯ್ಯತ್ ಸರಿಯಾಯಿತೋ ಇಲ್ಲವೋ ಎಂದು ನಮಾಝ್ ಮುರಿಯುವುದು ಹೊಸ ಸಮಸ್ಯೆಯಲ್ಲ. ಇಮಾಮ್ ಇಬ್ನುಲ್ ಜೌಝಿ(ರ) ಮತ್ತು ಇಬ್ನ್ ಖುದಾಮಾ(ರ) ಇದರ ವಿರುದ್ಧ ಬರೆದಿದ್ದಾರೆ. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಒಂದು ಲೀಟರಿಗಿಂತ ಕಡಿಮೆ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ಖಚಿತವಾದುದನ್ನು ಸಂಶಯ ಅಳಿಸದು ಎಂಬುದು ಫಿಖ್‌ಹ್‌ನ ಮೂಲ ನಿಯಮಗಳಲ್ಲೊಂದು. ಸಂಶಯಕ್ಕೆ ಮಣಿದು ಮತ್ತೆ ತೊಳೆದರೆ ಸಂಶಯ ಬೆಳೆಯುತ್ತದೆ, ಮಣಿಯದಿದ್ದರೆ ನಿಧಾನವಾಗಿ ಬಲ ಕಳೆದುಕೊಳ್ಳುತ್ತದೆ. ಗೀಳು ರೋಗದ ಇಂದಿನ ಚಿಕಿತ್ಸೆಯೂ ಇದನ್ನೇ ಕಲಿಸುತ್ತದೆ.

ಹಾಗಾದರೆ ಇಂದು ವೈದ್ಯರು ಆತಂಕದ ಕಾಯಿಲೆಗಳನ್ನು ಹೇಗೆ ಗುರುತಿಸುತ್ತಾರೆ? ಪರೀಕ್ಷೆಯ ಹಿಂದಿನ ದಿನದ ಚಿಂತೆ, ಮಗುವಿಗೆ ಜ್ವರ ಬಂದಾಗಿನ ಕಳವಳ ಕಾಯಿಲೆಯಲ್ಲ. ಆತಂಕ ದಿನನಿತ್ಯದ ಬದುಕನ್ನೇ ತಡೆದು ನಿಲ್ಲಿಸಿದಾಗ ಅದು ಕಾಯಿಲೆಯಾಗುತ್ತದೆ. ಮನೆ, ಹಣ, ಆರೋಗ್ಯ ಎಂದು ಎಲ್ಲದರ ಬಗ್ಗೆಯೂ ಆರು ತಿಂಗಳು ಅಥವಾ ಹೆಚ್ಚು ಕಾಲ ಹತೋಟಿಗೆ ಸಿಗದ ಚಿಂತೆ, ಜೊತೆಗೆ ಸುಸ್ತು, ಸಿಡುಕು, ಮೈಬಿಗಿತ, ನಿದ್ರಾಹೀನತೆ ಇದ್ದರೆ ಅದು ಸಾಮಾನ್ಯೀಕೃತ ಆತಂಕ. ಇದ್ದಕ್ಕಿದ್ದಂತೆ ಎದೆಬಡಿತ ಏರಿ, ಉಸಿರು ಕಟ್ಟಿ, ಬೆವರಿ, ಸತ್ತೇ ಹೋಗುತ್ತೇನೆ ಎನಿಸಿ ಕೆಲವೇ ನಿಮಿಷಗಳಲ್ಲಿ ತುತ್ತತುದಿ ಮುಟ್ಟುವುದು ಪ್ಯಾನಿಕ್ ದಾಳಿ. ಅದು ಮತ್ತೆ ಮತ್ತೆ ಬಂದು, ಮುಂದಿನದು ಯಾವಾಗಲೋ ಎಂಬ ಅಂಜಿಕೆ ಕಾಡಿದರೆ ಪ್ಯಾನಿಕ್ ಕಾಯಿಲೆ. ನಾಲ್ಕು ಜನರ ಮುಂದೆ ಮಾತಾಡಲು, ತಿನ್ನಲು ಕೂಡ ಹೆದರಿ ಮದುವೆ-ಸಮಾರಂಭಗಳಿಂದ ದೂರವಾಗುವುದು ಸಾಮಾಜಿಕ ಆತಂಕ. ಎತ್ತರ, ನಾಯಿ, ಸೂಜಿಯಂತಹ ಒಂದೇ ವಸ್ತುವಿನ ಅತಿಯಾದ ಭಯ ಫೋಬಿಯಾ. ಗೀಳು ರೋಗವನ್ನು ಹಿಂದೆ ಇದೇ ಗುಂಪಿಗೆ ಸೇರಿಸುತ್ತಿದ್ದರು, 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಪ್ರತ್ಯೇಕಿಸಿತು. ಎದೆನೋವು ಮೊದಲ ಬಾರಿ ಬಂದರೆ ಹೃದಯದ ತಪಾಸಣೆ ಆಗಲೇಬೇಕು. ಥೈರಾಯ್ಡ್ ತೊಂದರೆಯೂ ಆತಂಕದಂತೆ ಕಾಣಿಸಿಕೊಳ್ಳಬಹುದು.

ಈಮಾನ್ ಗಟ್ಟಿಯಿದ್ದವರಿಗೆ ಇವೆಲ್ಲ ಬರುವುದಿಲ್ಲ ಎನ್ನುವವರು ಇಮಾಮ್ ಗಝ್ಝಾಲಿ(ರ)ಯವರನ್ನು ನೆನೆಯಲಿ. 1095ರಲ್ಲಿ ಬಗ್ದಾದಿನ ನಿಝಾಮಿಯ್ಯಾದಲ್ಲಿ ನೂರಾರು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದಾಗ ಅವರ ನಾಲಿಗೆಯೇ ಕಟ್ಟಿಹೋಯಿತು. ಅನ್ನಪಾನೀಯ ಗಂಟಲಿಗಿಳಿಯಲಿಲ್ಲ. ದೇಹದ ಮದ್ದಿಗೆ ಜಗ್ಗದ ಈ ನೋವಿನ ಮೂಲ ಹೃದಯದಲ್ಲಿದೆ ಎಂದು ವೈದ್ಯರು ಹೇಳಿದರು. ಇದನ್ನು ಅವರು ಮುಚ್ಚಿಡದೆ ತಮ್ಮ ಆತ್ಮಕಥನದಲ್ಲಿ ಬರೆದಿಟ್ಟರು. ಚಿಂತೆ ಮತ್ತು ದುಃಖದಿಂದ ಅಲ್ಲಾಹನ ಅಭಯ ಬೇಡುವ ದುಆವನ್ನು ಪ್ರವಾದಿ(ಸ)ರು ಪದೇಪದೇ ಹೇಳುತ್ತಿದ್ದರು. ಚಿಂತೆಯೇ ಪಾಪವಾಗಿದ್ದರೆ ಆ ದುಆದ ಧಾಟಿ ಬೇರೆಯಿರುತ್ತಿತ್ತು. ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಅವರೇ.

ನಂತರದ ಮುಸ್ಲಿಂ ಸಮಾಜ ಈ ತಿಳಿವನ್ನು ಕಟ್ಟಡಗಳಾಗಿ ಕಟ್ಟಿತು. ಕೈರೋದಲ್ಲಿ ಸುಲ್ತಾನ್ ಖಲಾವೂನ್ 1284ರಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು, ಖರ್ಚು ವಕ್ಫ್‌ನಿಂದ ಬರುತ್ತಿತ್ತು. 1488ರಲ್ಲಿ ಮುಗಿದ ತುರ್ಕಿಯ ಎದಿರ್ನೆಯ ಆಸ್ಪತ್ರೆಯಲ್ಲಿ ನೀರಿನ ಸದ್ದು, ಸಂಗೀತ, ಹೂವಿನ ಪರಿಮಳಗಳಿಂದ ಅವರನ್ನು ಸಂತೈಸುತ್ತಿದ್ದರು.

ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದುಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. 2022ರಿಂದ ಟೆಲಿ ಮಾನಸ್ ಎಂಬ ಉಚಿತ ಸರಕಾರಿ ಸಹಾಯವಾಣಿ 14416 ಸಂಖ್ಯೆಯಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು. ಮಾತಿನ ಚಿಕಿತ್ಸೆ, ಅಗತ್ಯವಿದ್ದರೆ ಮಾತ್ರೆ, ಎರಡರಿಂದಲೂ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಮಾತ್ರೆಯನ್ನು ವೈದ್ಯರನ್ನು ಕೇಳದೆ ಹಠಾತ್ತನೆ ನಿಲ್ಲಿಸಬಾರದು.

ನಮಾಝ್, ಝಿಕ್ರ್, ಕುರ್‌ಆನ್ ಪಾರಾಯಣ ಮನಸ್ಸಿಗೆ ಆಸರೆ, ಅದನ್ನು ಬಿಡುವ ಪ್ರಶ್ನೆಯೇ ಇಲ್ಲ. ಆದರೆ ಸಕ್ಕರೆ ಕಾಯಿಲೆಯವರಿಗೆ ದುಆ ಮಾಡುತ್ತಲೇ ಇನ್ಸುಲಿನ್ ಕೊಡಿಸುವ ನಾವು, ಆತಂಕದ ಕಾಯಿಲೆಯವರನ್ನು ಊದಿಸಿದ ನೀರು ಮತ್ತು ತಾಯಿತಕ್ಕೆ ಮಾತ್ರ ಬಿಟ್ಟುಬಿಡುವುದು ಯಾವ ನ್ಯಾಯ? ಮಗಳು ಗಂಟೆಗಟ್ಟಲೆ ಕೈ ತೊಳೆಯುತ್ತಿದ್ದರೆ, ಮಗ ಕಾಲೇಜಿಗೆ ಹೋಗಲು ಅಂಜಿ ಕೋಣೆ ಸೇರಿದ್ದರೆ, ತಾಯಿ ರಾತ್ರಿಯಿಡೀ ಎದ್ದು ಕೂತಿರುತ್ತಿದ್ದರೆ ಗದರಬೇಡಿ. ಪಕ್ಕದಲ್ಲಿ ಕುಳಿತು ಅವರ ಮಾತನ್ನು ಪೂರ್ತಿ ಕೇಳಿ, ನಂತರ ಕೈಹಿಡಿದು ವೈದ್ಯರ ಬಳಿ ಕರೆದೊಯ್ಯಿರಿ. ರೋಗಿಯ ಆರೈಕೆ ನಮ್ಮ ಧರ್ಮದಲ್ಲಿ ಪುಣ್ಯದ ಕೆಲಸ. ಆ ಪುಣ್ಯಕ್ಕೆ ಮನಸ್ಸಿನ ರೋಗಿಯೂ ಹಕ್ಕುದಾರ.