‘ನಾಳೆ ಬಾ’ ಎಂದ ಮೇಲ್ ಸರ್ವರ್

2010ರ ಜನವರಿ 1. ಹೊಸ ವರ್ಷದ ಶುಭಾಶಯ ಹೊತ್ತ ಎಷ್ಟೋ ಇಮೇಲ್‌ಗಳು ಸೀದಾ ಕಸದ ಫೋಲ್ಡರಿಗೆ ಬೀಳತೊಡಗಿದವು. ಕಾರಣ, ಸ್ಪ್ಯಾಮ್‌ಅಸ್ಯಾಸಿನ್ ಎಂಬ ಫಿಲ್ಟರಿನೊಳಗಿದ್ದ ಒಂದು ಸಾಲು. ಮುಂದಿನ ಯಾವುದೋ ವರ್ಷದ ತಾರೀಖು ಹಾಕಿಕೊಂಡು ಬರುವ ಸ್ಪ್ಯಾಮನ್ನು ಹಿಡಿಯಲು ಬರೆದ ಆ ನಿಯಮ, 2010 ಮತ್ತು ಅದರಾಚೆಯ ವರ್ಷಗಳನ್ನೆಲ್ಲ ದೂರದ ಭವಿಷ್ಯವೆಂದೇ ಎಣಿಸುತ್ತಿತ್ತು. ಬರೆದಾಗ ಅದು ಸರಿಯೇ ಇತ್ತು. 5 ಅಂಕ ಬಿದ್ದರೆ ಸ್ಪ್ಯಾಮ್ ಎನ್ನುವ ಲೆಕ್ಕದಲ್ಲಿ ಈಗ ಬರೀ ತಾರೀಖಿಗೇ 3ಕ್ಕಿಂತ ಹೆಚ್ಚು ಅಂಕ. ತಮಾಷೆಯೆಂದರೆ, ಸಿದ್ಧವಾಗುತ್ತಿದ್ದ ಹೊಸ ಆವೃತ್ತಿಯಲ್ಲಿ ತಪ್ಪನ್ನು ಆಗಲೇ ತಿದ್ದಲಾಗಿತ್ತು. ಜನ ಬಳಸುತ್ತಿದ್ದ ಪ್ರತಿಗಳಿಗೆ ಆ ತಿದ್ದುಪಡಿ ತಲುಪಿರಲಿಲ್ಲ.

ಹತ್ತಿಪ್ಪತ್ತು ಮಂದಿಯ ಅಂಚೆ ನೋಡಿಕೊಳ್ಳುವ ಪುಟ್ಟ ಸರ್ವರಿನ ಕಾನ್ಫಿಗರೇಶನ್ ಫೈಲ್ ತೆರೆದರೆ ಇಂಥ ಸಾಲುಗಳೇ ತುಂಬಿರುತ್ತವೆ. ಒಂದೊಂದೂ ಯಾವುದೋ ವರ್ಷದ ಯಾವುದೋ ಜಗಳದಲ್ಲಿ ಹುಟ್ಟಿದ್ದು. ಜಗಳ ಮುಗಿದರೂ ಸಾಲು ಉಳಿದುಬಿಡುತ್ತದೆ.

ಸ್ಪ್ಯಾಮಿನೊಡನೆ ಇಂಥ ಜಗಳ ಬರುತ್ತದೆಂಬ ಸುಳಿವು ಬಹಳ ಮೊದಲೇ ಇತ್ತು. ಬೇಡದ ಪತ್ರಗಳನ್ನು ಕಳಿಸುವ ಯಂತ್ರ ಯಾವುದೆಂದು ಗೊತ್ತಿದ್ದರೂ ಅದನ್ನು ಹೊರಗಿಡುವ ಉಪಾಯ ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್‌ನಲ್ಲಿಲ್ಲ ಎಂದು ಅದನ್ನು ಕಟ್ಟಿದವರಲ್ಲೊಬ್ಬರಾದ ಜಾನ್ ಪೋಸ್ಟೆಲ್ 1975ರ ನವೆಂಬರಿನಲ್ಲೇ ಪುಟ್ಟ ಟಿಪ್ಪಣಿ ಬರೆದಿದ್ದರು. 1978ರ ಮೇ 3ರಂದು ಡಿಇಸಿ ಕಂಪನಿಯ ಗ್ಯಾರಿ ಥ್ಯುರ್ಕ್, ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಬನ್ನಿರೆಂದು ಸುಮಾರು 400 ಜನರಿಗೆ ಒಂದೇ ಸಲಕ್ಕೆ ಕರೆಯೋಲೆ ಕಳಿಸಿದರು. ವಿಳಾಸಗಳು ಮೇಲಿನ ಜಾಗದಲ್ಲಿ ಹಿಡಿಸದೆ ಪತ್ರದ ಒಡಲಿಗೂ ಇಳಿದಿದ್ದವು. ಬೈಗುಳ ಬಂತು. ಮಾರಾಟವೂ ಚೆನ್ನಾಗಿ ಆಯಿತೆಂದು ಥ್ಯುರ್ಕ್ ಮುಂದೆ ಹೇಳಿಕೊಂಡರು. ತೊಂದರೆಯ ಬೇರು ಇರುವುದು ಈ ಎರಡನೆಯ ಮಾತಿನಲ್ಲಿ.

ಆಗಿನ ಸರ್ವರುಗಳು ಯಾರ ಪತ್ರವನ್ನಾದರೂ ಯಾರಿಗಾದರೂ ದಾಟಿಸುತ್ತಿದ್ದವು, ಅದು ಸೌಜನ್ಯವೆನಿಸಿತ್ತು. 1990ರ ದಶಕದಲ್ಲಿ ಸ್ಪ್ಯಾಮರುಗಳು ಆ ಸೌಜನ್ಯವನ್ನೇ ಬಂಡವಾಳ ಮಾಡಿಕೊಂಡರು. ಸೆಂಡ್‌ಮೇಲ್ ತಂತ್ರಾಂಶ 1998ರ 8.9 ಆವೃತ್ತಿಯಲ್ಲಿ ಈ ಬಾಗಿಲನ್ನು ತಾನಾಗಿಯೇ ಮುಚ್ಚಿಕೊಂಡು ಬರತೊಡಗಿತು. ಅದಕ್ಕೂ ಒಂದು ವರ್ಷ ಮೊದಲು ಪಾಲ್ ವಿಕ್ಸಿ ಮತ್ತು ಡೇವ್ ರ‍್ಯಾಂಡ್ ಸ್ಪ್ಯಾಮ್ ಕಳಿಸುವ ಯಂತ್ರಗಳ ಕಪ್ಪುಪಟ್ಟಿಯನ್ನು ಶುರು ಮಾಡಿದ್ದರು. ಉಪಾಯ ಸರಳ: ಪತ್ರ ತಂದ ಯಂತ್ರದ ಐಪಿ ವಿಳಾಸವನ್ನು ತಿರುವುಮುರುವಾಗಿಸಿ ಇಂಟರ್ನೆಟ್ಟಿನ ವಿಳಾಸ ಪುಸ್ತಕವಾದ ಡಿಎನ್‌ಎಸ್‌ನಲ್ಲಿ ಕೇಳುವುದು, 127.0.0.2 ಎಂದು ಉತ್ತರ ಬಂದರೆ ಆಸಾಮಿ ಪಟ್ಟಿಯಲ್ಲಿದ್ದಾನೆ. ಪತ್ರದ ಒಂದಕ್ಷರವನ್ನೂ ಓದಬೇಕಿಲ್ಲ. 1998ರಲ್ಲಿ ಸ್ಟೀವ್ ಲಿನ್‌ಫರ್ಡ್, ಮುಂದೆ ಇಂಥ ಪಟ್ಟಿಗಳಿಗೆ ಹೆಸರಾದ ಸ್ಪ್ಯಾಮ್‌ಹೌಸ್ ಸಂಸ್ಥೆ ಕಟ್ಟಿದರು. ಯಾರ ಅಂಚೆ ಬರಬೇಕು, ಯಾರದು ಬೇಡ ಎಂಬ ತೀರ್ಮಾನ ಹೀಗೆ ಕೆಲವೇ ಕೆಲವರ ಕೈಗೆ ಹೋಯಿತು. 2003ರ ಆಗಸ್ಟಿನಲ್ಲಿ ಆಸಿರುಸಾಫ್ಟ್ ಎಂಬ ಪಟ್ಟಿ ಸತತ ದಾಳಿಗೆ ತತ್ತರಿಸಿ ಬಾಗಿಲು ಹಾಕುವಾಗ ಇಡೀ ಇಂಟರ್ನೆಟ್ಟನ್ನೇ ಕಪ್ಪುಪಟ್ಟಿಗೆ ಸೇರಿಸಿಬಿಟ್ಟಿತು. ಅದನ್ನು ನಂಬಿದ್ದ ಸರ್ವರುಗಳು ಎಲ್ಲರ ಪತ್ರವನ್ನೂ ಹಿಂದಕ್ಕಟ್ಟಿದವು.

ಒಂದೇ ಸಾಕ್ಷಿ ನಂಬಿ ತೀರ್ಪು ಕೊಡಬಾರದೆಂಬುದು ಸ್ಪ್ಯಾಮ್‌ಅಸ್ಯಾಸಿನ್ನಿನ ಹುಟ್ಟಿನಲ್ಲೇ ಇದ್ದ ವಿವೇಕ. ಮಾರ್ಕ್ ಜೆಫ್ಟೊವಿಚ್ 1997ರಲ್ಲಿ ಬರೆದ ಸ್ಕ್ರಿಪ್ಟಿನ ಜಾಡು ಹಿಡಿದು ಐರ್ಲೆಂಡಿನ ಜಸ್ಟಿನ್ ಮೇಸನ್ 2001ರ ಏಪ್ರಿಲ್‌ನಲ್ಲಿ ಇದನ್ನು ಹೊರತಂದರು. ಅನುಮಾನಕ್ಕೊಂದಿಷ್ಟು ಅಂಕ, ಒಳ್ಳೆಯ ಲಕ್ಷಣಕ್ಕೆ ಋಣ ಅಂಕ, ಕೊನೆಗೆ ಮೊತ್ತ. ಆದರೆ ನಿಯಮ ಬರೆಯುವುದು ಮನುಷ್ಯರೇ ತಾನೆ? 2002ರ ಆಗಸ್ಟಿನಲ್ಲಿ ಪ್ರೋಗ್ರಾಮರ್ ಪಾಲ್ ಗ್ರಹಾಂ ಪ್ರಬಂಧವೊಂದರಲ್ಲಿ, ಊಹೆ ಬಿಡಿ, ಎಣಿಸಿ ಎಂದರು. ಯಾವ ಪದ ಕಸದಲ್ಲಿ ಎಷ್ಟು ಸಲ, ಒಳ್ಳೆಯ ಪತ್ರದಲ್ಲಿ ಎಷ್ಟು ಸಲ ಬರುತ್ತದೆಂದು ಲೆಕ್ಕ ಹಾಕಿ ಸಂಭವನೀಯತೆಯ ಬೇಯೀಸಿಯನ್ ಸೂತ್ರಕ್ಕೆ ಒಪ್ಪಿಸುವುದು. 1998ರಲ್ಲೇ ಸಂಶೋಧಕರು ಈ ದಾರಿ ತುಳಿದಿದ್ದರು. ಸಾಮಾನ್ಯ ಪ್ರೋಗ್ರಾಮರುಗಳ ತಲೆಗೆ ಹತ್ತಿದ್ದು ಗ್ರಹಾಂ ಪ್ರಬಂಧದಿಂದ. ಎಣಿಕೆ ಕಂಡುಹಿಡಿದ ಕಳ್ಳನ ಗುರುತುಗಳಲ್ಲೊಂದು ‘ಎಫ್‌ಎಫ್0000’, ಎಂದರೆ ವೆಬ್ ಭಾಷೆಯಲ್ಲಿ ಅಚ್ಚ ಕೆಂಪು ಬಣ್ಣದ ಸಂಕೇತ. ಕುಳಿತು ನಿಯಮ ಬರೆಯುವ ಯಾರಿಗೂ ಸುಲಭವಾಗಿ ಹೊಳೆಯದ ಗುರುತು. ಒಳ್ಳೆಯ ಪತ್ರದ ಎಣಿಕೆಯನ್ನು ಗ್ರಹಾಂ ಬೇಕೆಂದೇ ಇಮ್ಮಡಿಸಿದ್ದರು: ನಾಲ್ಕು ಕಸ ಒಳಗೆ ಬಂದರೂ ಚಿಂತೆಯಿಲ್ಲ, ಒಂದು ನಿಜವಾದ ಕಾಗದ ಕಳೆಯಬಾರದು.

ಪುಟ್ಟ ಸರ್ವರಿಗೆ ಈ ವಿದ್ಯೆ ಚೆನ್ನಾಗಿ ಒಗ್ಗುತ್ತದೆ, ಅಲ್ಲಿನವರ ಪತ್ರಗಳ ಮಾತು ಅಲ್ಲಿನವರದೇ ಆದ್ದರಿಂದ. ಆದರೆ ಸ್ಪ್ಯಾಮ್‌ಅಸ್ಯಾಸಿನ್ನಿನ ಈ ಭಾಗ ಬಾಯಿ ಬಿಡಬೇಕಾದರೆ 200 ಕಸದ ಮಾದರಿಗಳ ಜೊತೆ 200 ಒಳ್ಳೆಯ ಪತ್ರಗಳನ್ನೂ ಉಣಿಸಬೇಕು. ಬರೀ ಕಸ ತೋರಿಸಿ, ಫಿಲ್ಟರ್ ಯಾಕೆ ಸುಮ್ಮನಿದೆ ಎಂದು ತಲೆ ಕೆರೆದುಕೊಳ್ಳುವವರಿಗೆ ಕೊರತೆಯಿಲ್ಲ.

2003ರಲ್ಲಿ ಇವಾನ್ ಹ್ಯಾರಿಸ್ ತಂದ ಗ್ರೇಲಿಸ್ಟಿಂಗ್ ಕನ್ನಡಿಗರಿಗೆ ವಿವರಿಸಲು ಬಲು ಸುಲಭ. ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆಂದು ಕರ್ನಾಟಕದ ಊರುಗಳಲ್ಲಿ ‘ನಾಳೆ ಬಾ’ ಎಂದು ಗೋಡೆಯ ಮೇಲೆ ಬರೆಯುತ್ತಿದ್ದರಲ್ಲ, ಅದೇ ಇದು. ಅಪರಿಚಿತ ಸರ್ವರ್ ಮೊದಲ ಸಲ ಬಂದಾಗ ‘ಈಗ ಆಗದು, ಆಮೇಲೆ ಬಾ’ ಎಂಬ ತಾತ್ಕಾಲಿಕ ನಿರಾಕರಣೆ. ನಿಯತ್ತಿನ ಸರ್ವರ್ ಪತ್ರವನ್ನು ಸರತಿಯಲ್ಲಿಟ್ಟು ಮತ್ತೆ ಬರುತ್ತದೆ. ಲಕ್ಷಗಟ್ಟಲೆ ಎಸೆಯುವ ಸ್ಪ್ಯಾಮ್ ಯಂತ್ರಕ್ಕೆ ಅಷ್ಟು ಪುರುಸೊತ್ತಿಲ್ಲ. ಹ್ಯಾರಿಸ್ ಸೂಚಿಸಿದ್ದು ಒಂದು ಗಂಟೆಯ ಕಾಯುವಿಕೆ. ಮುಂದೆ ಬಂದ ಪೋಸ್ಟ್‌ಗ್ರೇ ಎಂಬ ತಂತ್ರಾಂಶ ಅದನ್ನು 5 ನಿಮಿಷಕ್ಕಿಳಿಸಿತು. ಓಟಿಪಿಗಾಗಿ ಪರದೆ ನೋಡುತ್ತ ಕುಳಿತವರಿಗೆ ಅದೂ ಒಂದು ಯುಗವೇ.

2004ರಲ್ಲಿ ಬಿಲ್ ಗೇಟ್ಸ್ ಎರಡು ವರ್ಷದಲ್ಲಿ ಸ್ಪ್ಯಾಮ್ ಕಾಟ ಮುಗಿಯುತ್ತದೆ ಎಂದಿದ್ದರು. ಮುಗಿಯಲಿಲ್ಲ. 2008ರ ನವೆಂಬರ್ 11ರಂದು ಸ್ಪ್ಯಾಮರುಗಳಿಗೆ ಆಸರೆಯಾಗಿದ್ದ ಕ್ಯಾಲಿಫೋರ್ನಿಯಾದ ಮೆಕೋಲೊ ಕಂಪನಿಯ ಇಂಟರ್ನೆಟ್ ಸಂಪರ್ಕ ಕಡಿದಾಗ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತಲೂ ಕೆಳಗಿಳಿಯಿತು. ಕೆಲವೇ ತಿಂಗಳಲ್ಲಿ ಮತ್ತೆ ಏರಿತು. ಅಷ್ಟರಲ್ಲಿ ಪ್ರಶ್ನೆ ‘ಏನು ಬರೆದಿದ್ದಾನೆ’ ಎಂಬುದರಿಂದ ‘ಇವನು ಯಾರು’ ಎಂಬುದಕ್ಕೆ ಹೊರಳತೊಡಗಿತ್ತು: ಕಳಿಸಿದವರ ಗುರುತು ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಮುಂದೆ ಡಿಮಾರ್ಕ್. 2024ರ ಫೆಬ್ರುವರಿಯಿಂದ, ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಜಿಮೇಲ್ ಈ ಮೂರನ್ನೂ ಕಡ್ಡಾಯ ಮಾಡಿದೆ.

ಈಗ ಹೊಸದಾಗಿ ಸರ್ವರ್ ಹೂಡುವವರು ಹೆಚ್ಚಾಗಿ ಆರ್‌ಸ್ಪ್ಯಾಮ್‌ಡಿ ಎಂಬ ಫಿಲ್ಟರಿನ ಕಡೆ ವಾಲುತ್ತಾರೆ. ಅದು ಬರುವಾಗಲೇ 4 ಅಂಕಕ್ಕೆ ‘ನಾಳೆ ಬಾ’, 6ಕ್ಕೆ ಸ್ಪ್ಯಾಮ್ ಎಂಬ ಗುರುತು, 15ಕ್ಕೆ ತಿರಸ್ಕಾರ ಎಂದು ಹೊಂದಿಸಿಕೊಂಡು ಬರುತ್ತದೆ. ಮೊದಲ ಕೆಲವು ವಾರ ಈ ಅಂಕಗಳನ್ನು ಮುಟ್ಟದಿರುವುದೇ ಜಾಣತನ. ಮುಟ್ಟಲೇಬೇಕಾದದ್ದು ಡಿಎನ್‌ಎಸ್. ಗೂಗಲ್ಲಿನ 8.8.8.8ರ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಪಟ್ಟಿಯ ಉತ್ತರದ ಬದಲು 127.255.255.254 ಎಂಬ ದೋಷಸಂಕೇತ ಕೊಡುತ್ತದೆ. 127ರಿಂದ ಶುರುವಾಗುವುದೆಲ್ಲ ಅಪರಾಧವೆಂದು ಓದುವ ಸರ್ವರ್ ಅಂದಿನಿಂದ ಯಾರ ಪತ್ರವನ್ನೂ ಒಳಬಿಡದು. ಸ್ವಂತ ಡಿಎನ್‌ಎಸ್ ರಿಸಾಲ್ವರ್ ಒಂದನ್ನು ಅದೇ ಯಂತ್ರದಲ್ಲಿ ಓಡಿಸುವುದು ಇದಕ್ಕೆ ಮದ್ದು. ಇನ್ನು, ಎರಡು ದಶಕ ಚಾಲ್ತಿಯಲ್ಲಿದ್ದ ಸಾರ್ಬ್ಸ್ ಎಂಬ ಕಪ್ಪುಪಟ್ಟಿ 2024ರ ಜೂನ್‌ನಲ್ಲಿ ಮುಚ್ಚಿದೆ. ಹಳೆಯ ಫೈಲನ್ನು ನಕಲು ಮಾಡಿಕೊಂಡವರು ಮೊದಲು ಆ ಸಾಲನ್ನು ಅಳಿಸಬೇಕು.